ಹಿತ್ತಲ ರೈಲಿಗೆ ಕೈಯಾರೆ ಮೀಟರ್ ಗೇಜ್ ವ್ಯಾಗನ್: ಹಣ ಚಕ್ರಕ್ಕೆ, ಮಿಕ್ಕದ್ದೆಲ್ಲ ಗುಜರಿಯಿಂದ

ಹಿತ್ತಲಲ್ಲಿ 45 ಮಿ.ಮೀ. ಅಗಲದ ಹಳಿ ಹಾಕಿ ರೈಲು ಓಡಿಸುವ ಹವ್ಯಾಸ ದೊಡ್ಡದಾಗಿ ಹಬ್ಬಿದ್ದು 1968ರ ನಂತರ. ಆ ವರ್ಷ ಜರ್ಮನಿಯ ನ್ಯೂರೆಂಬರ್ಗ್‌ನ ಲೇಮನ್ ಕಂಪನಿ ಎಲ್‌ಜಿಬಿ ಹೆಸರಿನಲ್ಲಿ ಬಿಸಿಲು ಮಳೆಗೆ ಬಗ್ಗದ ರೈಲುಗಳನ್ನು ಮಾರುಕಟ್ಟೆಗೆ ತಂದಿತು. ಅದರ ಮಾಪ 1:22.5. ಒಂದು ಮೀಟರನ್ನು 22.5ರಿಂದ ಭಾಗಿಸಿದರೆ 44.4 ಮಿ.ಮೀ. ಬರುತ್ತದೆ. ಅಂದರೆ ಈ ಹಳಿ ಹೆಚ್ಚುಕಡಿಮೆ ನಿಜವಾದ ಮೀಟರ್ ಗೇಜಿನ (ಒಂದು ಮೀಟರ್ ಅಂತರದ ಹಳಿಯ) ಚಿಕ್ಕ ರೂಪವೇ. ಬೆಂಗಳೂರು–ಮೈಸೂರು, ಮೈಸೂರು–ಚಾಮರಾಜನಗರ, ಶಿವಮೊಗ್ಗ–ತಾಳಗುಪ್ಪ ದಾರಿಗಳೆಲ್ಲ ಬ್ರಾಡ್ ಗೇಜ್ ಆಗುವ ಮುಂಚೆ ಇದೇ ಮೀಟರ್ ಗೇಜ್ ಆಗಿದ್ದವು. ಅಂಗಡಿಯಲ್ಲಿ ಸಿಗುವ ಡಬ್ಬಿಗಳು ಬಹುಪಾಲು ಯುರೋಪು, ಅಮೆರಿಕದ ಚಹರೆಯವು, ಬೆಲೆಯೂ ಕೈ ಸುಡುತ್ತದೆ. ನಮ್ಮ ಕಡೆಯ ಗೂಡ್ಸ್ ಗಾಡಿ ಹಿತ್ತಲಲ್ಲಿ ಓಡಬೇಕಾದರೆ ಕೈಯಾರೆ ಮಾಡಿಕೊಳ್ಳುವುದೇ ಸರಿ.

ಎಂಜಿನ್ ಕೊಂಡದ್ದೇ ಇರಲಿ. ಇಲ್ಲಿ ಹೇಳುವುದು ನಾಲ್ಕು ಚಕ್ರದ, ಮೇಲ್ಛಾವಣಿ ಇಲ್ಲದ ಒಂದು ತೆರೆದ ವ್ಯಾಗನ್ ಮಾಡುವ ಕ್ರಮ. ಇದೊಂದು ಕೈಗೆ ಹತ್ತಿದರೆ ಮುಚ್ಚಿದ ವ್ಯಾಗನ್, ಟ್ಯಾಂಕರ್, ಬ್ರೇಕ್ ವ್ಯಾನ್ ಎಲ್ಲವೂ ಇದೇ ತಳದ ಮೇಲೆ ಏಳುತ್ತವೆ. ಮೊದಲೇ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ವ್ಯಾಗನ್ ಓಡುವುದು ಚಕ್ರ ಮತ್ತು ಅಚ್ಚಿನ (ಆಕ್ಸಲ್) ನಿಖರತೆಯಿಂದ, ಮೇಲಿನ ಡಬ್ಬಿಯ ಅಂದದಿಂದಲ್ಲ. ಖರ್ಚು ಮಾಡುವ ಹಣವನ್ನೆಲ್ಲ ಚಕ್ರಕ್ಕೆ ಮಾಡಿ. ಮಿಕ್ಕದ್ದು ಬೋರ್ಡ್ ಬರೆಯುವವರ, ಕಿಟಕಿ ಮಾಡುವವರ, ಸೈಕಲ್ ಶಾಪಿನವರ ಕಸದಿಂದಲೇ ಹೊರಡುತ್ತದೆ.

ಏನೇನು ಬೇಕು

ತಳಕ್ಕೆ 5 ಮಿ.ಮೀ. ದಪ್ಪದ, ಪಕ್ಕೆಗಳಿಗೆ 3 ಮಿ.ಮೀ. ದಪ್ಪದ ಪಿವಿಸಿ ಫೋಮ್ ಹಲಗೆ. ಬೋರ್ಡ್ ಬರೆಯುವ ಅಂಗಡಿಗಳಲ್ಲಿ ಇದನ್ನು ಸನ್‌ಬೋರ್ಡ್ ಎನ್ನುತ್ತಾರೆ. ಕತ್ತರಿಸಿ ಉಳಿದ ತುಂಡುಗಳನ್ನು ಕೇಳಿದರೆ ಕೊಡುತ್ತಾರೆ. ನೋಡಲು ಹಾಗೇ ಇರುವ, ಎರಡು ಕಾಗದದ ನಡುವೆ ಥರ್ಮೊಕೋಲ್ ಇರುವ ಹಲಗೆಯೂ ಉಂಟು, ಅದನ್ನು ತರಬೇಡಿ. ಒಂದೇ ಮಳೆಗೆ ಕಾಗದ ಎದ್ದು ಬರುತ್ತದೆ. ಅಂಚನ್ನು ಉಗುರಿನಿಂದ ಕೆರೆದು ನೋಡಿ. ಪಿವಿಸಿ ಆದರೆ ಒಳಗೂ ಹೊರಗೂ ಒಂದೇ ಬಿಳಿ, ಪದರ ಇರುವುದಿಲ್ಲ.

ಅಚ್ಚಿನ ಗೂಡಿಗೆ 1 ಇಂಚು ಅಗಲ, 1 ಇಂಚು ಎತ್ತರದ ಅಲ್ಯೂಮಿನಿಯಂ ಯು ಚಾನೆಲ್, 40 ಮಿ.ಮೀ. ಉದ್ದದ ಎರಡು ತುಂಡು. ಹೊರವ್ಯಾಸ 5, ಒಳವ್ಯಾಸ 4 ಮಿ.ಮೀ.ಗೆ ತುಸು ಹೆಚ್ಚಿರುವ ಹಿತ್ತಾಳೆ ಕೊಳವೆ, 26 ಮಿ.ಮೀ. ಉದ್ದದ ಎರಡು. ಅಚ್ಚಿಗೆ 4 ಮಿ.ಮೀ. ಹೊಳಪು ಸಲಾಕೆ, 53 ಮಿ.ಮೀ. ಉದ್ದದ ಎರಡು. ಇವಲ್ಲದೆ ಸೈಕಲ್ ಕಡ್ಡಿಯ 20 ಮಿ.ಮೀ. ತುಂಡೊಂದು, 1 ಮಿ.ಮೀ. ದಪ್ಪದ ಅಲ್ಯೂಮಿನಿಯಂ ತಗಡು 40×25 ಮಿ.ಮೀ., ತಲೆ ಒಳಗೆ ಕೂರುವ ಎಂ3 (3 ಮಿ.ಮೀ. ದಪ್ಪದ) ಸ್ಕ್ರೂ ನಾಲ್ಕು, ಅವಕ್ಕೆ ತಾನಾಗಿ ಸಡಿಲಾಗದ ನೈಲಾಕ್ ನಟ್, ಪಿವಿಸಿ ಪೈಪಿನ ಸಾಲ್ವೆಂಟ್ ಸಿಮೆಂಟ್, ಅರಾಲ್ಡೈಟ್.

ಚಕ್ರ

ನಮ್ಮ ಮೀಟರ್ ಗೇಜ್ ಗಾಡಿಗಳ ಚಕ್ರದ ವ್ಯಾಸ ಸುಮಾರು 725 ಮಿ.ಮೀ. ಮಾಪಕ್ಕೆ ಇಳಿಸಿದರೆ 32 ಮಿ.ಮೀ. ಆಗುತ್ತದೆ. ಪ್ಲಾಸ್ಟಿಕ್ ಚಕ್ರ ಬೇಡ. ಅದು ಹಗುರ, ಹಳಿಯ ಕೊಳೆಯನ್ನು ಮೆತ್ತಿಕೊಂಡು ಊರೆಲ್ಲ ಹರಡುತ್ತದೆ. ಉಕ್ಕಿನ ಚಕ್ರ ನಾಲ್ಕು ಸೇರಿ ಸುಮಾರು 180 ಗ್ರಾಂ ತೂಗುತ್ತವೆ, ಆ ಭಾರ ಇರಬೇಕಾದ ಜಾಗದಲ್ಲೇ, ಹಳಿಗೆ ಅಂಟಿಕೊಂಡಂತೆ ಇರುತ್ತದೆ. ಹಳ್ಳ ದಿಣ್ಣೆಯ ಹಿತ್ತಲಿಗೆ ಇದಕ್ಕಿಂತ ಒಳ್ಳೆಯ ವಿಮೆ ಇಲ್ಲ.

ಸಣ್ಣ ಲೇತ್ ಅಂಗಡಿಯಲ್ಲಿ ಮಾಡಿಸಬಹುದು. ನಾಲ್ಕೇ ಚಕ್ರ ಕೇಳಿದರೆ ದುಬಾರಿ, ಯಾಕೆಂದರೆ ಟರ್ನರ್‌ನ ಹೊತ್ತೆಲ್ಲ ಹೋಗುವುದು ಟೂಲ್ ಹೊಂದಿಸುವುದರಲ್ಲಿ. ಹದಿನಾರು ಒಟ್ಟಿಗೆ ಮಾಡಿಸಿ, ನಾಲ್ಕು ವ್ಯಾಗನ್ನಿಗೆ ಆಗುತ್ತದೆ. ಬಾಯಲ್ಲಿ ಹೇಳದೆ ದೊಡ್ಡದಾಗಿ ಚಿತ್ರ ಬರೆದು ಈ ಅಳತೆಗಳನ್ನು ಕೊಡಿ, ಎಲ್ಲವೂ ಮಿ.ಮೀ.ನಲ್ಲಿ:

ಹಳಿಯ ಮೇಲೆ ಉರುಳುವ ಮೈ: ಫ್ಲ್ಯಾಂಜಿನ (ಹಳಿಯ ಒಳಬದಿಗೆ ಇಳಿಯುವ ಚಕ್ರದ ಅಂಚು) ಬುಡದಲ್ಲಿ ವ್ಯಾಸ 32, ಹೊರ ಅಂಚಿನಲ್ಲಿ 31.5
ಫ್ಲ್ಯಾಂಜ್: ವ್ಯಾಸ 36, ದಪ್ಪ 1.5, ತುದಿ ದುಂಡಗೆ
ಚಕ್ರದ ಒಟ್ಟು ಅಗಲ: 6.5
ಒಳಬದಿಯ ಬಾಸ್ (ಅಚ್ಚಿನ ಸುತ್ತ ಚಾಚಿದ ದುಂಡು ಉಬ್ಬು): ವ್ಯಾಸ 12, ಉದ್ದ 6
ಅರ್ಧದಷ್ಟು ಚಕ್ರಗಳಿಗೆ 4ರ ತೂತು, ಬಾಸಿನಲ್ಲಿ ಎಂ3 ಗ್ರಬ್ ಸ್ಕ್ರೂ (ಅಚ್ಚಿಗೆ ಬಿಗಿಯುವ ತಲೆಯಿಲ್ಲದ ಸ್ಕ್ರೂ). ಇನ್ನರ್ಧಕ್ಕೆ 8ರ ತೂತು

ಇಲ್ಲಿ ಮೂರು ತಪ್ಪು ಪದೇ ಪದೇ ಆಗುತ್ತವೆ. ಇಳಿಜಾರು ತಿರುಗುಮುರುಗಾಗುವುದು ಒಂದು. ದೊಡ್ಡ ವ್ಯಾಸ ಫ್ಲ್ಯಾಂಜಿನ ಕಡೆಗೇ ಇರಬೇಕು. ಹಾಗಿದ್ದರೆ ವ್ಯಾಗನ್ ಬಲಕ್ಕೆ ಸರಿದಾಗ ಬಲ ಚಕ್ರ ದೊಡ್ಡ ವ್ಯಾಸದಲ್ಲಿ ಉರುಳಿ ತಾನಾಗಿ ನಡುವಿಗೆ ಬರುತ್ತದೆ. ತಿರುಗುಮುರುಗಾದರೆ ಸರಿದ ಕಡೆಗೇ ಇನ್ನಷ್ಟು ಸರಿದು ಫ್ಲ್ಯಾಂಜ್ ಹಳಿಗೆ ಉಜ್ಜುತ್ತಲೇ ಇರುತ್ತದೆ. ಎರಡನೆಯದು, ಫ್ಲ್ಯಾಂಜಿನ ಬುಡವನ್ನು ಚೂಪು ಮೂಲೆಯಾಗಿ ಬಿಡುವುದು. ಅಲ್ಲಿ ಸುಮಾರು 1 ಮಿ.ಮೀ. ದುಂಡು ಇರಲೇಬೇಕು. ಇಲ್ಲದಿದ್ದರೆ ತಿರುವಿನಲ್ಲಿ ಫ್ಲ್ಯಾಂಜ್ ಹಳಿಯ ಪಕ್ಕವನ್ನು ಕಚ್ಚಿ ಏರುತ್ತದೆ. ಮೂರನೆಯದು, ತೂತು ನಡುವಿನಲ್ಲಿರದೆ ಚಕ್ರ ಎತ್ತಿ ಎತ್ತಿ ಉರುಳುವುದು. ಒಂದೇ ಹಿಡಿತದಲ್ಲಿ ತೂತನ್ನೂ ಉರುಳುವ ಮೈಯನ್ನೂ ಕಡೆಯಿರಿ ಎಂದು ಕೇಳಿದರೆ ಇದು ಬರುವುದಿಲ್ಲ.

ಹಳಿಯಿಂದಲೇ ವಿದ್ಯುತ್ ಪಡೆಯುವ ಎಂಜಿನ್ ಆದರೆ ಎರಡು ಹಳಿಗಳನ್ನು ಲೋಹದ ಅಚ್ಚು ಜೋಡಿಸಿಬಿಟ್ಟರೆ ಶಾರ್ಟ್ ಆಗುತ್ತದೆ. ಅದಕ್ಕೇ ಪ್ರತಿ ಅಚ್ಚಿನ ಒಂದು ಚಕ್ರಕ್ಕೆ 8ರ ತೂತು, ಒಳಗೆ ಡೆಲ್ರಿನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಬುಷ್ (ತೂತಿನೊಳಗೆ ಕೂರುವ ಕೊಳವೆ). ಡೆಲ್ರಿನ್‌ಗೆ ಅಂಟು ಹಿಡಿಯುವುದಿಲ್ಲ, ಅರಾಲ್ಡೈಟ್ ಹಾಕಿದರೂ ನಾಲ್ಕು ದಿನದಲ್ಲಿ ಸುಲಿದು ಬರುತ್ತದೆ. ಬುಷ್‌ನ ಹೊರವ್ಯಾಸ 8.05, ಒಳತೂತು 3.9 ಇಟ್ಟು ವೈಸ್‌ನಲ್ಲಿ ಒತ್ತಿ ಕೂರಿಸಬೇಕು. ಬುಷ್ ಬಾಸಿನಿಂದ 0.5 ಮಿ.ಮೀ. ಹೊರಗೆ ಚಾಚಿರಲಿ. ಈ ಅರ್ಧ ಮಿಲಿಮೀಟರ್ ಮರೆತರೆ ಉಕ್ಕಿನ ಬಾಸ್ ಹಿತ್ತಾಳೆ ಕೊಳವೆಗೆ ತಾಗುತ್ತದೆ. ಮೇಜಿನ ಮೇಲೆ ಮಲ್ಟಿಮೀಟರ್ ಎಲ್ಲ ಸರಿ ಎನ್ನುತ್ತದೆ, ತಿರುವಿನಲ್ಲಿ ಅಚ್ಚು ಒಂದು ಕಡೆಗೆ ಸರಿದ ಕೂಡಲೆ ಎಂಜಿನ್ ನಿಲ್ಲುತ್ತದೆ. ಕಾರಣ ಹುಡುಕುತ್ತಾ ಇಡೀ ಹಳಿ ಬಿಚ್ಚುವ ಹಾಗಾಗುತ್ತದೆ. ಬ್ಯಾಟರಿ ಎಂಜಿನ್ ಆದರೆ ಈ ಗೋಜೇ ಇಲ್ಲ, ಎಲ್ಲ ಚಕ್ರಕ್ಕೂ 4ರ ತೂತು ಸಾಕು.

ಅಚ್ಚಿನ ಗೂಡು

ನಿಜವಾದ ವ್ಯಾಗನ್ನಿನಲ್ಲಿ ಅಚ್ಚಿನ ತುದಿಗಳು ಚಕ್ರದ ಹೊರಗೆ ಆಕ್ಸಲ್ ಬಾಕ್ಸಿನೊಳಗೆ ಕೂರುತ್ತವೆ. ಹಾಗೆ ಮಾಡಲು ಹೋದರೆ ಎರಡು ಕಡೆಯ ತೂತು ಒಂದೇ ನೇರಕ್ಕೆ ತರುವುದು ಕಷ್ಟ. ಚಕ್ರಗಳ ಒಳಗೇ ಯು ಚಾನೆಲ್ ಇಟ್ಟು ಅದರ ಎರಡು ಗೋಡೆಗೂ ಒಂದೇ ಏಟಿಗೆ ತೂತು ಹೊಡೆದರೆ ಅಚ್ಚು ಓರೆಯಾಗಲು ಸಾಧ್ಯವೇ ಇಲ್ಲ. ಹೊರಗಿನ ಆಕ್ಸಲ್ ಬಾಕ್ಸ್ ಬರೀ ತೋರಿಕೆಗೆ ಅಂಟಿಸಿದರಾಯಿತು.

ಚಾನೆಲ್ಲನ್ನು ಬೋರಲು ಇಡಿ, ಬೆನ್ನು ಮೇಲೆ, ಗೋಡೆಗಳು ಕೆಳಗೆ. ಬೆನ್ನಿನ ಮೇಲ್ಮೈಯಿಂದ 19 ಮಿ.ಮೀ. ಕೆಳಗೆ, ಉದ್ದದ ನಡುವೆ ಗುರುತು ಹಾಕಿ. ಒಳಗೆ ಮರದ ತುಂಡು ತುರುಕಿ, ಇಲ್ಲದಿದ್ದರೆ ಡ್ರಿಲ್ ಒತ್ತಿದಾಗ ಗೋಡೆ ಒಳಕ್ಕೆ ಬಗ್ಗುತ್ತದೆ. ಮೊದಲು 2 ಮಿ.ಮೀ., ಆಮೇಲೆ 5 ಮಿ.ಮೀ. ಹಿತ್ತಾಳೆ ಕೊಳವೆಯನ್ನು ತೂರಿಸಿ, ಎರಡು ಬದಿ ಸಮನಾಗಿ ಚಾಚಿರುವಂತೆ ಅರಾಲ್ಡೈಟ್ ಹಚ್ಚಿ. 19ರ ಲೆಕ್ಕ ಹೀಗೆ. ಅಚ್ಚಿನ ನಡು ಹಳಿಯಿಂದ 16 ಮಿ.ಮೀ. ಎತ್ತರದಲ್ಲಿದೆ, ಬೆನ್ನು 35ಕ್ಕೆ ಬರುತ್ತದೆ, ಅದರ ಮೇಲೆ, ಬೆನ್ನಿಗೂ ತಳಕ್ಕೂ ನಡುವೆ ಇಡುವ 3 ಮಿ.ಮೀ. ಒತ್ತು ಸೇರಿದರೆ ತಳದ ಅಡಿ 38. ಫ್ಲ್ಯಾಂಜಿನ ತುದಿ 34ರಲ್ಲಿ ತಿರುಗುತ್ತದೆ. ನಡುವೆ 4 ಮಿ.ಮೀ. ತೆರವು ಉಳಿಯಿತು. ತಗ್ಗಿಸಿ ಮಾಡಿದರೆ ಫ್ಲ್ಯಾಂಜ್ ತಳಕ್ಕೆ ಉಜ್ಜಿ ಪಿವಿಸಿ ಪುಡಿ ಉದುರಲು ಶುರುವಾಗುತ್ತದೆ.

ಅಚ್ಚಿಗೆ ಬುಷ್ ಚಕ್ರ ಒತ್ತಿ, ಕೊಳವೆಯೊಳಗೆ ತೂರಿಸಿ, ಇನ್ನೊಂದು ಬದಿಗೆ 0.5 ಮಿ.ಮೀ. ವಾಷರ್ ಹಾಕಿ, ಗ್ರಬ್ ಸ್ಕ್ರೂ ಚಕ್ರ ಏರಿಸಿ. ಎರಡು ಚಕ್ರಗಳ ಒಳಮೈಗಳ ನಡುವಿನ ಅಂತರ 40 ಮಿ.ಮೀ. ಇರಬೇಕು. 40 ಮಿ.ಮೀ. ಅಗಲದ ಕಬ್ಬಿಣದ ಪಟ್ಟಿಯ ತುಂಡೊಂದನ್ನು ವರ್ನಿಯರ್‌ನಿಂದ ಅಳೆದು, ಹೆಚ್ಚಿದ್ದರೆ ಅರದಿಂದ ಉಜ್ಜಿ ಸರಿಮಾಡಿಕೊಂಡರೆ ಅದೇ ಖಾಯಂ ಅಳತೆಗೋಲು. ಚಾನೆಲ್ಲಿನ ಕೆಳಗಿನಿಂದ ಎರಡು ಫ್ಲ್ಯಾಂಜಿನ ನಡುವೆ ಪಟ್ಟಿ ಇಟ್ಟು, ಚಕ್ರ ಒತ್ತಿ ಹಿಡಿದು ಗ್ರಬ್ ಬಿಗಿಯಿರಿ. ಅಂತರ ಕಡಿಮೆಯಾದರೆ ಪಾಯಿಂಟಿನ (ಹಳಿ ಎರಡಾಗಿ ಕವಲೊಡೆಯುವ ಜಾಗ) ಕಾವಲು ಹಳಿಗೆ ಚಕ್ರದ ಬೆನ್ನು ಸಿಕ್ಕಿಕೊಳ್ಳುತ್ತದೆ. ಹೆಚ್ಚಾದರೆ ಫ್ಲ್ಯಾಂಜ್ ಪಾಯಿಂಟಿನ ಮೂಗಿಗೆ (ಒಳಹಳಿಗಳು ಕೂಡುವ ಚೂಪು ತುದಿಗೆ) ಬಡಿದು ತಪ್ಪು ದಾರಿ ಹಿಡಿಯುತ್ತದೆ. ಬುಷ್ ಚಕ್ರಗಳು ಎರಡು ಅಚ್ಚಿನಲ್ಲೂ ಒಂದೇ ಬದಿಗಿರಲಿ.

ಒಂದು ಅಚ್ಚು ತೂಗಲೇಬೇಕು

ಹಿತ್ತಲ ಹಳಿ ಎಷ್ಟೇ ಜಾಗ್ರತೆಯಿಂದ ಹಾಕಿದರೂ ಒಂದು ಮಳೆಗೆ ಅಲ್ಲಲ್ಲಿ ಕೂರುತ್ತದೆ. ನಾಲ್ಕು ಕಾಲಿನ ಮಣೆ ಉಬ್ಬುತಗ್ಗಿನ ನೆಲದ ಮೇಲೆ ಹೇಗೆ ಅಲ್ಲಾಡುತ್ತದೋ ಹಾಗೆಯೇ ಎರಡು ಅಚ್ಚನ್ನೂ ಬಿಗಿದ ವ್ಯಾಗನ್ನಿನ ಒಂದು ಚಕ್ರ ಗಾಳಿಯಲ್ಲಿರುತ್ತದೆ. ಆ ಚಕ್ರ ತಿರುವಿನ ಹೊರಬದಿಯದಾದರೆ ಹಳಿ ತಪ್ಪಿದಂತೆಯೇ. ಮೂರು ಕಾಲಿನ ಮಣೆ ಎಲ್ಲಿಟ್ಟರೂ ಕೂರುತ್ತದೆ. ಹಾಗೆ ಒಂದು ಅಚ್ಚನ್ನು ಬಿಗಿದು ಇನ್ನೊಂದನ್ನು ಎಡಬಲಕ್ಕೆ ತೂಗುವಂತೆ ಬಿಟ್ಟರೆ ಕೆಲಸ ಮುಗಿಯಿತು. ಕೈಯಾರೆ ಮಾಡಿದ ವ್ಯಾಗನ್ನುಗಳು ಹಳಿ ತಪ್ಪುವುದಕ್ಕೆ ಮುಖ್ಯ ಕಾರಣವೇ ಇದನ್ನು ಬಿಟ್ಟುಬಿಡುವುದು.

ತಳಕ್ಕೆ 5 ಮಿ.ಮೀ. ಹಲಗೆಯಲ್ಲಿ 260×100 ಮಿ.ಮೀ. ತುಂಡು ಕತ್ತರಿಸಿ. ಕಟ್ಟರ್‌ನಿಂದ ಒಂದೇ ಸಲಕ್ಕೆ ಒತ್ತಿ ಕೊಯ್ಯದೆ, ಉಕ್ಕಿನ ಸ್ಕೇಲ್ ಇಟ್ಟು ಹಗುರವಾಗಿ ನಾಲ್ಕೈದು ಸಲ ಎಳೆಯಿರಿ, ಆಗ ಅಂಚು ಓರೆಯಾಗದು. ಅಡಿಯಲ್ಲಿ ಉದ್ದಕ್ಕೆ ನಡುಗೆರೆ ಎಳೆದು, ಅದಕ್ಕೆ ಮಟ್ಟಗೋಲು ಹಿಡಿದು ಅಚ್ಚುಗಳ ಅಡ್ಡಗೆರೆ ಹಾಕಿ. ಎರಡು ಅಚ್ಚಿನ ನಡುವೆ 130 ಮಿ.ಮೀ. ಅಂತರ. 1.2 ಮೀಟರ್ ವ್ಯಾಸದ ಬಿಗಿ ತಿರುವಿರುವ ಹಿತ್ತಲಿಗೆ ಇದು ಹದವಾದ ಅಳತೆ.

ಬಿಗಿಯುವ ಅಚ್ಚಿನ ಕಡೆ 3 ಮಿ.ಮೀ. ಹಲಗೆಯ 40×25 ತುಂಡನ್ನು ಒತ್ತಾಗಿ ಅಂಟಿಸಿ, ಅದರ ಮೇಲೆ ಚಾನೆಲ್ ಇಟ್ಟು, ನಡುಗೆರೆಯ ಮೇಲೆ 28 ಮಿ.ಮೀ. ಅಂತರದ ಎರಡು ಎಂ3 ಸ್ಕ್ರೂಗಳಿಂದ ಗಟ್ಟಿಯಾಗಿ ಬಿಗಿಯಿರಿ. ತೂಗುವ ಕಡೆ 1 ಮಿ.ಮೀ. ತಗಡನ್ನು ತಳಕ್ಕೆ ಅಂಟಿಸಿ, ಅದರ ನಡುವೆ, ಎರಡು ಸ್ಕ್ರೂಗಳ ಮಧ್ಯದಲ್ಲಿ, ಸೈಕಲ್ ಕಡ್ಡಿಯ 20 ಮಿ.ಮೀ. ತುಂಡನ್ನು ವ್ಯಾಗನ್ನಿನ ಉದ್ದಕ್ಕೆ ಮಲಗಿಸಿ ಅರಾಲ್ಡೈಟ್ ಹಚ್ಚಿ. ಕಡ್ಡಿ 2 ಮಿ.ಮೀ. ದಪ್ಪ, ತಗಡು 1, ಒಟ್ಟು 3. ಎರಡು ಕಡೆಯೂ ಎತ್ತರ ಒಂದೇ ಆಯಿತು. ತಗಡು ಹಾಕದೆ ಕಡ್ಡಿಯನ್ನು ನೇರ ಪಿವಿಸಿ ಮೇಲಿಟ್ಟರೆ ವಾರದಲ್ಲಿ ಒಳಗೆ ಹೂತುಹೋಗುತ್ತದೆ. ಈ ಚಾನೆಲ್ಲಿನ ಸ್ಕ್ರೂ ತೂತುಗಳನ್ನು 4 ಮಿ.ಮೀ.ಗೆ ಹಿಗ್ಗಿಸಿ. ನೈಲಾಕ್ ನಟ್ಟನ್ನು ತಾಗುವವರೆಗೆ ತಿರುಗಿಸಿ ಅರ್ಧ ಸುತ್ತು ಹಿಂದಕ್ಕೆ ತನ್ನಿ. ಚಕ್ರ ಮೇಲೆ ಕೆಳಗೆ 2 ಮಿ.ಮೀ. ತೂಗಿದರೆ ಸಾಕು. ಚಾನೆಲ್ ಎಡಬಲಕ್ಕೆ ಹೊರಳಬೇಕೇ ಹೊರತು ಸ್ಟೀರಿಂಗ್ ತರಹ ತಿರುಗಬಾರದು, ಎರಡು ಸ್ಕ್ರೂ ಇರುವುದು ಅದಕ್ಕೇ.

ಗಾಜಿನ ಮೇಲೆ ಇಟ್ಟು ನೋಡಿ. ತೂಗುವ ಅಚ್ಚಿನ ಒಂದು ಚಕ್ರದಡಿ 2 ಮಿ.ಮೀ. ರಟ್ಟು ತೂರಿಸಿದರೆ ಉಳಿದ ಮೂರೂ ಗಾಜಿಗೆ ತಾಗಿಯೇ ಇರಬೇಕು. ಆಮೇಲೆ ಒಂದು ಮೀಟರ್ ಹಲಗೆಯ ಮೇಲೆ ಹಳಿ ಇಟ್ಟು ತುದಿಯನ್ನು 3 ಸೆಂ.ಮೀ. ಎತ್ತಿ. ಕೈಬಿಟ್ಟರೆ ತಾನೇ ಉರುಳಬೇಕು. ಉರುಳದಿದ್ದರೆ ಕೊಳವೆಯೊಳಗೆ ಅರಾಲ್ಡೈಟ್ ಇಳಿದಿದೆ, ಇಲ್ಲವೇ ಪಕ್ಕದ ಸಡಿಲ ಸಾಲದು. ಎರಡು ಬದಿ ಸೇರಿ ಸುಮಾರು 1 ಮಿ.ಮೀ. ಸಡಿಲ ಇರಲಿ.

ಡಬ್ಬಿ

ಇದು ಸಲೀಸು. 3 ಮಿ.ಮೀ. ಹಲಗೆಯಲ್ಲಿ 260×50ರ ಪಕ್ಕೆ ಎರಡು, 94×50ರ ತುದಿ ಎರಡು. ತಳದ ಮೇಲೆ ನಿಲ್ಲಿಸಿ ಸಾಲ್ವೆಂಟ್ ಸಿಮೆಂಟನ್ನು ತೆಳ್ಳಗೆ ಸವರಿ ಅಂಟಿಸಿ. ದಪ್ಪಗೆ ಹಚ್ಚಿದರೆ ಹಲಗೆ ಕರಗಿ ಗುಳಿ ಬೀಳುತ್ತದೆ. ಬಿಳಿ ಫೆವಿಕಾಲ್ ಪಿವಿಸಿಗೆ ಹಿಡಿಯುವುದೇ ಇಲ್ಲ. ಫೆವಿಕ್ವಿಕ್ ಹಿಡಿಯುತ್ತದೆ, ಆದರೆ ವ್ಯಾಗನ್ ಕೈಜಾರಿ ಬಿದ್ದರೆ ಕೀಲುಗಳು ಪಟ್ಟನೆ ಬಿಡುತ್ತವೆ.

ಅಂಟಿಸುವ ಮುಂಚೆ ಮರದ ಹಲಗೆಗಳ ಗೆರೆ ಮೂಡಿಸಿ. ಇದಕ್ಕೆ ಇಂಕು ಮುಗಿದ ಬಾಲ್ ಪೆನ್ನಿಗಿಂತ ಒಳ್ಳೆಯ ಹತ್ಯಾರಿಲ್ಲ. ಸ್ಕೇಲ್ ಇಟ್ಟು 10 ಮಿ.ಮೀ.ಗೊಂದರಂತೆ ಒತ್ತಿ ಎಳೆದರೆ ಪೆನ್ನಿನ ಗುಂಡು ಹಲಗೆಯನ್ನು ಸೀಳದೆ ಅದುಮುತ್ತಾ ಹೋಗುತ್ತದೆ, ಗೆರೆಯ ಎರಡು ಅಂಚೂ ತುಸು ದುಂಡಗಾಗಿ ಥೇಟ್ ಸವೆದ ಮರದ ಸಂದಿನ ಹಾಗೆ ಕಾಣುತ್ತದೆ. 10 ಮಿ.ಮೀ. ಅಂದರೆ ನಿಜದಲ್ಲಿ 225 ಮಿ.ಮೀ., ಸರಿಸುಮಾರು ಒಂಬತ್ತು ಇಂಚಿನ ಹಲಗೆ. ಆಮೇಲೆ 60 ನಂಬರಿನ ಉಪ್ಪುಕಾಗದವನ್ನು ಗೆರೆಯ ಗುಂಟ ಒಮ್ಮೆ ಎಳೆಯಿರಿ, ಮರದ ನಾರು ಏಳುತ್ತದೆ. ಅಡ್ಡಡ್ಡ ಉಜ್ಜಿದರೆ ಕೆಟ್ಟಿತು.

ತಳದಲ್ಲಿ 3 ಮಿ.ಮೀ.ನ ನಾಲ್ಕು ತೂತು ಕೊರೆಯಿರಿ, ಮಳೆನೀರು ಇಳಿದುಹೋಗಲಿ. ಎರಡು ತುದಿಗೆ 5 ಮಿ.ಮೀ. ಹಲಗೆಯ 100×20 ಬಫರ್ ತೊಲೆ (ಗಾಡಿಗಳ ಗುದ್ದು ತಡೆಯುವ ಬಫರ್ ಕೂರುವ ಅಡ್ಡ ತೊಲೆ), ಉದ್ದಕ್ಕೂ ಅಡಿಯಲ್ಲಿ 15 ಮಿ.ಮೀ. ಎತ್ತರದ ಎರಡು ಪಕ್ಕದ ತೊಲೆ. ಚಕ್ರಗಳು ಹೊರಮೈಗೆ 53 ಮಿ.ಮೀ. ಅಗಲ, ಆದ್ದರಿಂದ ಪಕ್ಕದ ತೊಲೆಗಳ ನಡುವೆ 62 ಮಿ.ಮೀ.ಗಿಂತ ಕಡಿಮೆ ಬಿಡಬೇಡಿ. ಮೂಲೆಗಳಿಗೆ ದಪ್ಪ ರಟ್ಟಿನ ಪಟ್ಟಿ, ರಿವೆಟ್ಟಿಗೆ ಬಟ್ಟೆಗೆ ಬಳಸುವ ಔಟ್‌ಲೈನರ್ ಟ್ಯೂಬಿನಿಂದ ಚುಕ್ಕಿ. ನಿಜವಾದ ಅಳತೆ, ಬೀಗ, ಚಿಲಕ ನೋಡಬೇಕೆಂದರೆ 1979ರಲ್ಲಿ ಶುರುವಾದ ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯಕ್ಕೆ ಟೇಪು, ಕ್ಯಾಮೆರಾ ಹಿಡಿದು ಹೋಗಿಬನ್ನಿ. ಮೀಟರ್ ಗೇಜಿನ ಗಾಡಿಗಳಿಗೆ ಎರಡು ಪಕ್ಕ ಬಫರ್ ಇಲ್ಲ, ನಡುವೆ ಒಂದೇ. ಇದೊಂದು ಸರಿಯಿದ್ದರೆ ದೂರದಿಂದಲೇ ನಮ್ಮ ಗಾಡಿ ಎಂದು ಗುರುತು ಹತ್ತುತ್ತದೆ.

ಭಾರ ಮತ್ತು ಕೊಂಡಿ

ಇಷ್ಟಾದರೆ ವ್ಯಾಗನ್ ಸುಮಾರು 370 ಗ್ರಾಂ. ಎರಡು ಚಾನೆಲ್ಲಿನ ನಡುವೆ ತಳದಡಿಗೆ 25×5 ಮಿ.ಮೀ. ಕಬ್ಬಿಣದ ಪಟ್ಟಿಯ 80 ಮಿ.ಮೀ. ತುಂಡು ಎರಡನ್ನು ಪಕ್ಕಪಕ್ಕ ಸ್ಕ್ರೂ ಮಾಡಿ, ಇನ್ನೊಂದು 157 ಗ್ರಾಂ ಸೇರುತ್ತದೆ. ಒಟ್ಟು ಅರ್ಧ ಕಿಲೋ ಆಸುಪಾಸು ಸಾಕು. ಡಬ್ಬಿಯೊಳಗೆ ಜಲ್ಲಿ ತುಂಬಿ ಭಾರ ಮಾಡಿದರೆ ತೂಕ ಮೇಲೆ ನಿಂತು ತಿರುವಿನಲ್ಲಿ ವಾಲುತ್ತದೆ. ತೋರಿಕೆಯ ಸರಕು ಬೇಕಿದ್ದರೆ ಥರ್ಮೊಕೋಲ್ ಮೇಲೆ ಒಂದೇ ಪದರ ಜಲ್ಲಿ ಅಂಟಿಸಿ.

ಎರಡು ವ್ಯಾಗನ್ನಿನ ನಡುವೆ ಎಷ್ಟು ಜಾಗ ಬಿಡಬೇಕು ಎನ್ನುವುದಕ್ಕೆ ಸರಳ ಲೆಕ್ಕವಿದೆ. ವ್ಯಾಗನ್ನಿನ ಅಗಲವನ್ನು ಒಂದು ವ್ಯಾಗನ್ನಿನಿಂದ ಮುಂದಿನದರವರೆಗಿನ ಉದ್ದದಿಂದ ಗುಣಿಸಿ, ತಿರುವಿನ ವ್ಯಾಸದಿಂದ ಭಾಗಿಸಿ. 100×300÷1200 ಅಂದರೆ 25 ಮಿ.ಮೀ. ಇದಕ್ಕಿಂತ ಹತ್ತಿರವಿದ್ದರೆ ತಿರುವಿನಲ್ಲಿ ಒಳಮೂಲೆಗಳು ಒಂದಕ್ಕೊಂದು ತಾಗಿ ವ್ಯಾಗನ್ನನ್ನು ಹೊರಗೆ ನೂಕುತ್ತವೆ. 30 ಬಿಡಿ. ತಿರುವು 2.4 ಮೀಟರ್ ವ್ಯಾಸದ್ದಾದರೆ 20ಕ್ಕೆ ಇಳಿಸಬಹುದು.

ಕೊಂಡಿಗೆ 10×2 ಮಿ.ಮೀ. ಅಲ್ಯೂಮಿನಿಯಂ ಪಟ್ಟಿ, ಎರಡು ತೂತಿನ ನಡುವೆ 50 ಮಿ.ಮೀ. ಬಫರ್ ತೊಲೆಯ ಹೊರಮೈಯಿಂದ 10 ಮಿ.ಮೀ. ಒಳಗೆ ತಳದಲ್ಲಿ ತೂತು ಕೊರೆದು, ಡಬ್ಬಿಯ ಒಳಗಿನಿಂದ 3 ಮಿ.ಮೀ. ಬೋಲ್ಟನ್ನು ಇಳಿಬಿಟ್ಟರೆ ಅದೇ ಗೂಟ. ಬೇಕೆಂದಾಗ ಮೇಲಕ್ಕೆ ಎಳೆದು ಬಿಡಿಸಬಹುದು. ಗೂಟ ವಾಲದಂತೆ ಪಟ್ಟಿಯ ಕೆಳಗೂ ತೂತಿರುವ ತಗಡಿನ ಆಸರೆ ಕೊಡಿ. ಪಟ್ಟಿ ಆಡಲು ತೊಲೆಯಲ್ಲಿ 25 ಮಿ.ಮೀ. ಅಗಲದ ಗಂಡಿ ಬೇಕು. ತಂತಿಯ ಬಳೆಗಳ ಕೊಂಡಿ ಎಳೆಯುವಾಗ ಚೆನ್ನ, ರೈಲನ್ನು ಹಿಂದಕ್ಕೆ ನೂಕಿದಾಗ ಸಡಿಲಾಗಿ ವ್ಯಾಗನ್ನುಗಳು ಅಡ್ಡಾದಿಡ್ಡಿ ಗುದ್ದಿಕೊಳ್ಳುತ್ತವೆ. ಗಟ್ಟಿ ಪಟ್ಟಿಗೆ ಆ ತೊಂದರೆ ಇಲ್ಲ. ಎಂಜಿನ್ನಿನ ಕೊಂಡಿ ಬೇರೆ ಬಗೆಯದಾದ್ದರಿಂದ ಒಂದೇ ಒಂದು ವ್ಯಾಗನ್ನಿನ ಒಂದು ತುದಿಗೆ ಅಂಗಡಿಯ ಕೊಂಡಿ ಹಾಕಿ, ಅದನ್ನೇ ಯಾವಾಗಲೂ ಎಂಜಿನ್ನಿನ ಹಿಂದೆ ಕಟ್ಟಿ. ಎತ್ತರವನ್ನು ಎಂಜಿನ್ನಿನಿಂದಲೇ ಅಳೆದುಕೊಳ್ಳಬೇಕು.

ಬಣ್ಣ, ಬಿಸಿಲು, ಎಣ್ಣೆ

ಹಳೆಯ ಗೂಡ್ಸ್ ವ್ಯಾಗನ್ನುಗಳ ಇಟ್ಟಿಗೆ ಕಂದು ಬಣ್ಣಕ್ಕೆ ಹಾರ್ಡ್‌ವೇರ್ ಅಂಗಡಿಯ ರೆಡ್ ಆಕ್ಸೈಡ್ ಪ್ರೈಮರೇ ಸಾಕು, ಮೇಲೆ ಇನ್ನೇನೂ ಬೇಡ. ಹೊಳಪಿಲ್ಲದ ಅದೇ ಮೈ ಬೇಕಾದದ್ದು. ಹಲಗೆಯನ್ನು 220 ನಂಬರಿನ ಕಾಗದದಿಂದ ಮಂಕಾಗಿಸಿ ಎರಡು ತೆಳು ಕೋಟು ಹೊಡೆಯಿರಿ. ಚಕ್ರದ ಉರುಳುವ ಮೈಗೆ ಬಣ್ಣ ತಾಗದಿರಲಿ.

ಪಿವಿಸಿ ಫೋಮ್ ಕೊಳೆಯುವುದಿಲ್ಲ, ಗೆದ್ದಲು ಮುಟ್ಟುವುದಿಲ್ಲ. ಅದರ ಶತ್ರು ಏಪ್ರಿಲ್ ಬಿಸಿಲು. ಕಡು ಬಣ್ಣದ ವ್ಯಾಗನ್ನನ್ನು ಮಧ್ಯಾಹ್ನವಿಡೀ ಹಳಿ ಮೇಲೆ ಬಿಟ್ಟರೆ ಹಲಗೆ ಮೆತ್ತಗಾಗಿ ಪಕ್ಕೆಗಳು ಹೊಟ್ಟೆ ಬರಿಸಿಕೊಳ್ಳುತ್ತವೆ, ತಣ್ಣಗಾದ ಮೇಲೂ ಹಾಗೇ ಉಳಿಯುತ್ತವೆ. ಒಳಗೆ ನಡುವೆ ಒಂದು ಅಡ್ಡಪಟ್ಟಿ ಅಂಟಿಸಿದರೆ ಅಷ್ಟರಮಟ್ಟಿಗೆ ತಡೆಯುತ್ತದೆ. ನೆರಳಿಗೆ ತೆಗೆದಿಡುವುದೇ ಮೇಲು.

ವ್ಯಾಗನ್ ಹಳಿ ತಪ್ಪಿದರೆ ಅರ ಹಿಡಿಯುವ ಮುಂಚೆ ಜಾಗ ಗಮನಿಸಿ. ಎಲ್ಲ ವ್ಯಾಗನ್ನೂ ಒಂದೇ ಜಾಗದಲ್ಲಿ ತಪ್ಪಿದರೆ ತಪ್ಪು ಹಳಿಯದು. ಒಂದೇ ವ್ಯಾಗನ್ ಕಂಡಕಂಡಲ್ಲಿ ತಪ್ಪಿದರೆ 40ರ ಪಟ್ಟಿ ಇಟ್ಟು ನೋಡಿ, ಆಮೇಲೆ ಗಾಜಿನ ಮೇಲೆ ಇಡಿ. ಪಾಯಿಂಟಿನಲ್ಲಿ ಮಾತ್ರ ತಪ್ಪಿದರೆ ಗ್ರಬ್ ಸ್ಕ್ರೂ ಸಡಿಲಾಗಿ ಚಕ್ರ ಸರಿದಿರುವುದೇ ಹೆಚ್ಚು.

ಅಚ್ಚಿಗೆ ಹೊಲಿಗೆ ಯಂತ್ರದ ಎಣ್ಣೆ, ಸೂಜಿಯ ತುದಿಯಲ್ಲಿ ನಿಲ್ಲುವಷ್ಟು, ಕೊಳವೆಯ ಎರಡು ಬಾಯಿಗೂ ಒಂದೊಂದು ಹನಿ. ಹೆಚ್ಚಾದ ಎಣ್ಣೆ ಹಿತ್ತಲ ಮಣ್ಣನ್ನು ಹಿಡಿದು ಅರೆಯುವ ಕಲ್ಲಾಗುತ್ತದೆ, ಹಳಿಗೂ ಇಳಿದು ಎಂಜಿನ್ನಿನ ಚಕ್ರ ಜಾರುತ್ತದೆ. ಮಳೆಗಾಲ ಮುಗಿದ ಮೇಲೆ ಅಚ್ಚು ಬಿಚ್ಚಿ, ಕೊಳವೆಯೊಳಗೆ ಬಟ್ಟೆಯ ಬತ್ತಿ ಎಳೆದು ಒರೆಸಿ, ಹೊಸ ಹನಿ ಹಾಕಿ, 40ರ ಪಟ್ಟಿ ಇಟ್ಟು ಮತ್ತೆ ಬಿಗಿಯಿರಿ.